ಸಮ್ನರ್ ಕೋರ್ಟ್‌ಹೌಸು: ಮೇಲೆ ಕಟಕಟೆ, ಕೆಳಗೆ ರಿಜಿಸ್ಟರು

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಟ್ಯಾಲಹ್ಯಾಚಿ ಕೌಂಟಿಗೆ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥದ್ದು) ಎರಡು ಕೇಂದ್ರಸ್ಥಳಗಳಿವೆ. ಪೂರ್ವದಲ್ಲಿ, ಗುಡ್ಡಸೀಮೆ ಶುರುವಾಗುವ ಅಂಚಿಗೆ ಚಾರ್ಲ್‌ಸ್ಟನ್. ಪಶ್ಚಿಮದಲ್ಲಿ, ಕಣ್ಣು ಹಾಯುವಷ್ಟು ದೂರವೂ ಒಂದು ದಿಬ್ಬವಿಲ್ಲದ ಡೆಲ್ಟಾ ಬಯಲಿನಲ್ಲಿ ಸಮ್ನರ್. ನಡುವಿನ ಟ್ಯಾಲಹ್ಯಾಚಿ ನದಿಯನ್ನು ದಾಟುವುದೇ ಒಂದು ದಿನದ ಕೆಲಸವಾಗಿದ್ದ ಕಾಲದಲ್ಲಿ, ಜಮೀನಿನ ಪತ್ರ ನೋಂದಾಯಿಸುವುದಕ್ಕೋ ಕಂದಾಯ ಕಟ್ಟುವುದಕ್ಕೋ ಬರುವವರಿಗೆ ಅನುಕೂಲವಾಗಲೆಂದು ಕೌಂಟಿಯನ್ನು ಎರಡು ನ್ಯಾಯಾಂಗ ಜಿಲ್ಲೆಗಳಾಗಿ ವಿಭಾಗಿಸಿ ಎರಡೂ ಊರುಗಳಲ್ಲಿ ಕೋರ್ಟ್‌ಹೌಸು ಕಟ್ಟಿದರು. ಆಡಳಿತದ ಈ ಸಣ್ಣ ಅನುಕೂಲವಿಲ್ಲದಿದ್ದರೆ ಸಮ್ನರ್ ಎಂಬ ಊರಿನ ಹೆಸರು ಹೊರಗಿನ ಯಾರ ಕಿವಿಗೂ ಬೀಳುತ್ತಿರಲಿಲ್ಲ. 2020ರ ಜನಗಣತಿಯಲ್ಲಿ 300 ಜನರೂ ಇಲ್ಲದ ಊರದು. ನಡುವೆ ಒಂದು ಚೌಕ, ಚೌಕದ ಸುತ್ತ ಇಟ್ಟಿಗೆಯ ಅಂಗಡಿಸಾಲು, ಅದರಲ್ಲಿ ಬಾಗಿಲು ಮುಚ್ಚಿದವೂ ಸಾಕಷ್ಟು; ಒತ್ತಿನಲ್ಲೇ ಕ್ಯಾಸಿಡಿ ಬಾಯು ಎಂಬ, ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ನೀರು, ನೀರಿನಲ್ಲೇ ಬುಡ ಊರಿಕೊಂಡ ಸೈಪ್ರೆಸ್ ಮರಗಳು. ಊರು ದಾಟಿದೊಡನೆ ಹೊಲ.

ಇಂಥ ಊರಿಗೆ ಈ ಕೋರ್ಟ್‌ಹೌಸು ಅಳತೆ ಮೀರಿದ್ದು. ಹಿಂದಿನ ಕಟ್ಟಡ 1908ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, 1910ರ ಹೊತ್ತಿಗೆ ಎದ್ದು ನಿಂತ ಎರಡು ಅಂತಸ್ತಿನ ಇಟ್ಟಿಗೆ ಕಟ್ಟಡವಿದು. ಆ ಕಾಲದ ಅಮೆರಿಕದ ಸರ್ಕಾರಿ ಕಟ್ಟಡಗಳಿಗೆ ಪ್ರಿಯವಾಗಿದ್ದ ರೋಮನೆಸ್ಕ್ ಶೈಲಿಯ ದುಂಡು ಕಮಾನುಗಳು, ದಪ್ಪ ಗೋಡೆಗಳು, ಒಂದು ಪಕ್ಕಕ್ಕೆ ಗಡಿಯಾರದ ಗೋಪುರ. ಹತ್ತಿಯ ಬೆಲೆ ಚೆನ್ನಾಗಿದ್ದ ವರ್ಷಗಳಲ್ಲಿ ಜಮೀನ್ದಾರರಿಗೆ ತಮ್ಮ ಊರಿನ ಬಗ್ಗೆ ಇದ್ದ ಭರವಸೆ ಆ ಗೋಪುರದ ಎತ್ತರದಲ್ಲಿ ಕಾಣುತ್ತದೆ. ದಕ್ಷಿಣದ ರಾಜ್ಯಗಳ ಊರೂರಿನಲ್ಲೂ ಹೀಗೆಯೇ: ಚೌಕ ಮೊದಲು, ಅದರ ನಡುವೆ ಕೋರ್ಟ್‌ಹೌಸು, ಊರು ಆಮೇಲೆ. ನ್ಯಾಯಾಲಯವೆಂದು ಕರೆದರೆ ಆ ಕಟ್ಟಡದ ಅರ್ಧ ಕೆಲಸವನ್ನೇ ಹೇಳಿದಂತಾಗುತ್ತದೆ. ಜಮೀನಿನ ದಸ್ತಾವೇಜು, ಮದುವೆಯ ಪರವಾನಗಿ, ತೆರಿಗೆ, ಮತದಾರರ ನೋಂದಣಿ ಎಲ್ಲಕ್ಕೂ ಜನ ಬರುತ್ತಿದ್ದುದು ಇಂಥ ಕಟ್ಟಡಕ್ಕೇ. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಆ ಕೊನೆಯ ಕೆಲಸದ ಕುರಿತು. ಅದಕ್ಕೂ ಮೊದಲು 1955ರ ಸೆಪ್ಟೆಂಬರಿನ ಐದು ದಿನಗಳ ಕಥೆ ಹೇಳಬೇಕಾಗುತ್ತದೆ.

ಆ ವರ್ಷ ಆಗಸ್ಟಿನಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗ ಶಿಕಾಗೋದಿಂದ ರೈಲು ಹತ್ತಿ, ಅಜ್ಜಿಯ ಸೋದರಿಯ ಗಂಡ ಮೋಸ್ ರೈಟ್ ಅವರ ಮನೆಗೆ ರಜೆಗೆಂದು ಬಂದ. ರೈಟ್ ಅವರು ಲೆಫ್ಲೋರ್ ಕೌಂಟಿಯ ಮನಿ ಎಂಬ ಹಳ್ಳಿಯ ಬಳಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದವರು, ಧರ್ಮಬೋಧಕರೂ ಹೌದು. ಆಗಸ್ಟ್ 24ರಂದು ಹುಡುಗರ ಜೊತೆ ಆ ಹಳ್ಳಿಯ ಕಿರಾಣಿ ಅಂಗಡಿಗೆ ಹೋದ ಎಮೆಟ್, ಅಂಗಡಿಯಲ್ಲಿದ್ದ ಬಿಳಿಯ ಯುವತಿ ಕ್ಯಾರೊಲಿನ್ ಬ್ರ್ಯಾಂಟ್ ಜೊತೆ ಸಲಿಗೆಯಿಂದ ವರ್ತಿಸಿದನೆಂಬ ಮಾತು ಹಬ್ಬಿತು. 28ರ ನಸುಕಿಗೆ ಮುನ್ನ ಆಕೆಯ ಗಂಡ ರಾಯ್ ಬ್ರ್ಯಾಂಟ್ ಮತ್ತು ಅವನ ಮಲಸೋದರ ಜೆ. ಡಬ್ಲ್ಯೂ. ಮೈಲಮ್ ಪಿಸ್ತೂಲು ಹಿಡಿದು ರೈಟ್ ಅವರ ಮನೆಗೆ ಬಂದು ಹುಡುಗನನ್ನು ಹಾಸಿಗೆಯಿಂದ ಎಬ್ಬಿಸಿಕೊಂಡು ಹೋದರು. ಮೂರು ದಿನಗಳ ಮೇಲೆ ಟ್ಯಾಲಹ್ಯಾಚಿ ನದಿಯಲ್ಲಿ ಶವ ತೇಲಿತು. ಹತ್ತಿ ಜಿನ್ನಿಂಗ್ ಯಂತ್ರದ, 30 ಕಿಲೋಗೂ ಮಿಕ್ಕ ತೂಕದ ಕಬ್ಬಿಣದ ಫ್ಯಾನನ್ನು ಮುಳ್ಳುತಂತಿಯಿಂದ ಕೊರಳಿಗೆ ಬಿಗಿದಿದ್ದರು. ತಾಯಿ ಮೇಮಿ ಟಿಲ್ ಅವರು ಶಿಕಾಗೋದಲ್ಲಿ ಶವಪೆಟ್ಟಿಗೆಯ ಮುಚ್ಚಳ ತೆರೆದೇ ಇಡಿಸಿದರು. ಮಗನಿಗೆ ಏನು ಮಾಡಿದ್ದಾರೆಂಬುದನ್ನು ಲೋಕವೇ ನೋಡಲಿ ಎಂದರು. ಸಾವಿರಾರು ಜನ ಸಾಲುಗಟ್ಟಿ ನೋಡಿದರು, ಕಪ್ಪು ಜನರ ವಾರಪತ್ರಿಕೆಯಾಗಿದ್ದ 'ಜೆಟ್' ಆ ಚಿತ್ರ ಪ್ರಕಟಿಸಿತು.

ವಿಚಾರಣೆ ಸಮ್ನರಿಗೆ ಬಂದದ್ದು ಹೇಗೆ ಎಂಬುದನ್ನು ಗಮನಿಸಬೇಕು. ಅಪಹರಣ ನಡೆದದ್ದು ಲೆಫ್ಲೋರ್ ಕೌಂಟಿಯಲ್ಲಿ. ಹೊಡೆತ ನಡೆದದ್ದು, ಆಮೇಲೆ ತಿಳಿದುಬಂದಂತೆ, ಸನ್‌ಫ್ಲವರ್ ಕೌಂಟಿಯ ಡ್ರೂ ಎಂಬ ಊರಿನ ಹತ್ತಿರದ ಒಂದು ಕೊಟ್ಟಿಗೆಯಲ್ಲಿ. ಟ್ಯಾಲಹ್ಯಾಚಿಗೆ ಸೇರಿದ್ದು ಶವ ಸಿಕ್ಕ ನದಿಯ ಆ ಒಂದು ತಿರುವು ಮಾತ್ರ. ಅಲ್ಲಿನ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಎಚ್. ಸಿ. ಸ್ಟ್ರೈಡರ್ ಪ್ರಕರಣ ತನ್ನ ಸರಹದ್ದಿಗೇ ಸೇರಿದ್ದೆಂದು ಹಿಡಿದುಕೊಂಡ. ಸ್ವತಃ ದೊಡ್ಡ ಜಮೀನ್ದಾರನಾಗಿದ್ದ ಅವನು ಮುಂದೆ ಸಾಕ್ಷಿ ನುಡಿದದ್ದು ಆರೋಪಿಗಳ ಪರವಾಗಿ. ನೀರಿನಲ್ಲಿ ಕೊಳೆತ ಆ ಶವ ಯಾರದೆಂದು ಗುರುತಿಸಲು ಬಾರದು ಎಂದು. ತನಿಖೆ ಮಾಡಬೇಕಾದವನೇ ಆರೋಪಿಗಳ ಸಾಕ್ಷಿಯಾದ ಮೇಲೆ ಉಳಿದದ್ದೇನೆಂದು ಯಾರಾದರೂ ಊಹಿಸಬಹುದು. ತಮ್ಮದಲ್ಲದ ಪಾಪವನ್ನು ತಮ್ಮ ಚೌಕಕ್ಕೆ ತಂದು ಸುರಿದರೆಂಬ ಅಸಮಾಧಾನ ಸಮ್ನರಿನ ಬಿಳಿಯರಲ್ಲಿ ಬಹಳ ಕಾಲ ಇತ್ತು. ಅದರಲ್ಲಿ ಒಂದು ಎಳೆ ನಿಜವೂ ಇದೆ. ಆದರೆ ಊರಿನಲ್ಲಿದ್ದ ಐವರು ವಕೀಲರೂ ಆರೋಪಿಗಳ ಪರ ನಿಂತರು ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಆ ಎಳೆ ಬಲು ತೆಳುವಾಗಿಬಿಡುತ್ತದೆ.

ಸೆಪ್ಟೆಂಬರ್ 19, ಸೋಮವಾರ. ದೇಶದ ದೊಡ್ಡ ಪತ್ರಿಕೆಗಳ ವರದಿಗಾರರು, ಟೆಲಿವಿಷನ್ ಕ್ಯಾಮೆರಾದವರು ಊರಿಗೆ ಬಂದಿಳಿದಾಗ ಊರ ಬಾಗಿಲಿನ ಫಲಕ ಎಲ್ಲರ ಕಣ್ಣಿಗೂ ಬಿತ್ತು. ಗಂಡುಮಗುವನ್ನು ಬೆಳೆಸಲು ಒಳ್ಳೆಯ ಜಾಗ ಎಂಬುದು ಸಮ್ನರಿನ ಘೋಷವಾಕ್ಯವಾಗಿತ್ತು. ವರದಿಗಾರರು ಅದನ್ನು ಬರೆಯದೆ ಬಿಡಲಿಲ್ಲ. ಬರೆದರೆ ತಪ್ಪೂ ಅಲ್ಲ. ಎರಡನೆಯ ಅಂತಸ್ತಿನ ಕೋರ್ಟ್ ಕೋಣೆಯಲ್ಲಿ ಸೀಲಿಂಗ್ ಫ್ಯಾನುಗಳು ಬಿಸಿಗಾಳಿಯನ್ನೇ ಕಲಸುತ್ತಿದ್ದವು. ನ್ಯಾಯಾಧೀಶ ಕರ್ಟಿಸ್ ಸ್ವಾಂಗೊ ಅವರು ಕೋಟು ಕಳಚಲು, ಸಿಗರೇಟು ಸೇದಲು ಅನುಮತಿ ಕೊಟ್ಟಿದ್ದರು. ಆರೋಪಿಗಳ ಪುಟ್ಟ ಮಕ್ಕಳು ಅಪ್ಪಂದಿರ ತೊಡೆಯ ಮೇಲೆ ಕುಳಿತಿದ್ದರು, ಬೇಸರವಾದಾಗ ಕೋಣೆಯಲ್ಲಿ ಓಡಾಡುತ್ತಿದ್ದರು. ಬಿಳಿಯ ಪತ್ರಕರ್ತರಿಗೆ ಕಟಕಟೆಯ ಹತ್ತಿರ ಆಸನಗಳು. ಕಪ್ಪು ಪತ್ರಕರ್ತರಿಗೆ ಪಕ್ಕಕ್ಕೆ, ದೂರದಲ್ಲಿ, ಇಸ್ಪೀಟಾಡಲು ಬಳಸುವಂಥ ಒಂದು ಮಡಚುಮೇಜು. ಮಿಷಿಗನ್ನಿನಿಂದ ಆಯ್ಕೆಯಾದ ಕಪ್ಪು ಸಂಸದ ಚಾರ್ಲ್ಸ್ ಡಿಗ್ಸ್ ವಿಚಾರಣೆ ನೋಡಲು ಬಂದಾಗ, ಹಾಗೊಬ್ಬ ಸಂಸದ ಇರಲು ಸಾಧ್ಯವೆಂಬುದನ್ನೇ ನಂಬಲು ಬಾಗಿಲಲ್ಲಿದ್ದ ಶೆರಿಫನ ಆಳುಗಳು ತಯಾರಿರಲಿಲ್ಲ. ಅವರೂ ಕೊನೆಗೆ ಕುಳಿತದ್ದು ಅದೇ ಮಡಚುಮೇಜಿನ ಬಳಿ.

ಬುಧವಾರ ಮೋಸ್ ರೈಟ್ ಸಾಕ್ಷಿಯ ಕುರ್ಚಿಗೆ ಬಂದರು. ವಯಸ್ಸು ಅರವತ್ತನಾಲ್ಕು, ಬಿಳಿ ಅಂಗಿ, ಟೈ, ಅಂಗಿಗೆ ಅಡ್ಡವಾಗಿ ಸಸ್ಪೆಂಡರ್ ಪಟ್ಟಿ. ಆ ರಾತ್ರಿ ಮನೆಗೆ ಬಂದವರು ಈ ಕೋಣೆಯಲ್ಲಿದ್ದಾರೆಯೇ ಎಂದು ಸರ್ಕಾರಿ ವಕೀಲ ಜೆರಾಲ್ಡ್ ಚಾಟಮ್ ಕೇಳಿದಾಗ, ಅವರು ಕುರ್ಚಿಯಿಂದ ಎದ್ದು ನಿಂತು, ತೋಳನ್ನು ಪೂರ್ತಿ ನೀಡಿ, ಮೊದಲು ಮೈಲಮ್‌ನನ್ನೂ ಆಮೇಲೆ ಬ್ರ್ಯಾಂಟನನ್ನೂ ತೋರಿಸಿದರು. ಕಲಾಪ ನಡೆಯುವಾಗ ಚಿತ್ರ ತೆಗೆಯಕೂಡದೆಂಬ ಆಜ್ಞೆಯಿದ್ದರೂ ಮೆಂಫಿಸ್‌ನ ಛಾಯಾಗ್ರಾಹಕ ಅರ್ನೆಸ್ಟ್ ವಿದರ್ಸ್ ಆ ಕ್ಷಣವನ್ನು ಸೆರೆಹಿಡಿದರು; ಆದ್ದರಿಂದಲೇ ಆ ಎತ್ತಿದ ತೋಳು ನಮಗೆ ಇಂದಿಗೂ ಕಾಣಸಿಗುತ್ತದೆ. ಮಿಸಿಸಿಪ್ಪಿಯ ಕೋರ್ಟಿನಲ್ಲಿ ಕಪ್ಪು ಮನುಷ್ಯನೊಬ್ಬ ಬಿಳಿಯನನ್ನು ಕೊಲೆ ಪ್ರಕರಣದಲ್ಲಿ ಬೆರಳು ಮಾಡಿ ತೋರಿಸುವುದೆಂದರೆ ಅಂದು ಏನಾಗಿತ್ತೆಂದು ವಿವರಿಸಬೇಕಾಗಿಲ್ಲ. ಪಾಟಿಸವಾಲಿನಲ್ಲಿ ಕತ್ತಲು, ಟಾರ್ಚಿನ ಬೆಳಕು, ಮುಖ ಕಂಡಿತೋ ಇಲ್ಲವೋ ಎಂದೆಲ್ಲ ವಕೀಲರು ಜಗ್ಗಾಡಿದರು. ರೈಟ್ ಮಾತು ಬದಲಿಸಲಿಲ್ಲ. ವಿಚಾರಣೆ ಮುಗಿದ ಕೆಲವೇ ದಿನಗಳಲ್ಲಿ, ಹತ್ತಿ ಹೊಲದಲ್ಲಿರುವಾಗಲೇ, ಅವರು ಮಿಸಿಸಿಪ್ಪಿ ಬಿಟ್ಟು ಶಿಕಾಗೋ ಸೇರಿದರು.

ಇನ್ನೊಬ್ಬ ಸಾಕ್ಷಿಯ ಹೆಸರು ಜನರಿಗೆ ಅಷ್ಟು ನೆನಪಿಲ್ಲ. ನನಗೆ ಆತನೂ ಅಷ್ಟೇ ದೊಡ್ಡವನಾಗಿ ಕಾಣುತ್ತಾನೆ. ಹದಿನೆಂಟು ವರ್ಷದ ವಿಲ್ಲಿ ರೀಡ್ ಆ ಬೆಳಿಗ್ಗೆ ಹುಡುಗನನ್ನು ಪಿಕಪ್ ಟ್ರಕ್ಕಿನಲ್ಲಿ ಕಂಡಿದ್ದ, ಆಮೇಲೆ ಕೊಟ್ಟಿಗೆಯೊಳಗಿನಿಂದ ಹೊಡೆತದ ಸದ್ದೂ ಕೂಗೂ ಕೇಳಿದ್ದ, ಮೈಲಮ್ ಪಿಸ್ತೂಲು ಸಿಕ್ಕಿಸಿಕೊಂಡು ಬಾವಿಯ ನೀರು ಕುಡಿಯಲು ಹೊರಬಂದದ್ದನ್ನು ನೋಡಿದ್ದ. ಇಂಥ ಸಾಕ್ಷಿಗಳಿದ್ದಾರೆಂದು ಗೊತ್ತಾದದ್ದು ವಿಚಾರಣೆ ಶುರುವಾಗುವ ಹೊತ್ತಿಗೆ. ಅವರನ್ನು ಹುಡುಕಿದವರಲ್ಲಿ ಮೌಂಡ್ ಬಾಯು ಊರಿನ ವೈದ್ಯ ಟಿ. ಆರ್. ಎಂ. ಹೊವರ್ಡ್ ಇದ್ದರು, ಕೂಲಿಯವರ ವೇಷ ಹಾಕಿ ಹತ್ತಿ ಹೊಲಗಳಲ್ಲಿ ತಿರುಗಿದ ನಾಗರಿಕ ಹಕ್ಕುಗಳ ಹೋರಾಟಗಾರರಾದ ಮೆಡ್ಗರ್ ಎವರ್ಸ್ ಮತ್ತು ರೂಬಿ ಹರ್ಲಿ ಇದ್ದರು. ಆ ಸಾಕ್ಷಿಗಳನ್ನು ಕರೆತರಲೆಂದು ನ್ಯಾಯಾಧೀಶರು ಕಲಾಪವನ್ನೇ ಮುಂದೂಡಿ ಸಮಯ ಕೊಟ್ಟರು. ರೀಡ್ ಸಾಕ್ಷಿ ನುಡಿದ ಮೇಲೆ ಊರಲ್ಲಿ ಉಳಿಯುವಂತಿರಲಿಲ್ಲ. ಶಿಕಾಗೋ ತಲುಪಿದವನೇ ಮಾನಸಿಕವಾಗಿ ಕುಸಿದುಬಿದ್ದ, ಹೆಸರು ಬದಲಿಸಿಕೊಂಡು ಬದುಕಿದ, 2013ರಲ್ಲಿ ತೀರಿಕೊಂಡ. ತಾಯಿ ಮೇಮಿಯವರು ಶವ ತಮ್ಮ ಮಗನದೇ ಎಂದು ಹೇಳಿದರು. ಬೆರಳಲ್ಲಿ ಸಿಕ್ಕ ಉಂಗುರ ಮುದ್ದೆಮಾಲಾಗಿ ಕೋರ್ಟಿಗೆ ಬಂದಿತ್ತು. ಅದರ ಮೇಲೆ ಹುಡುಗನ ತಂದೆ ಲೂಯಿಸ್ ಟಿಲ್ ಅವರ ಹೆಸರಿನ ಮೊದಲ ಅಕ್ಷರಗಳೂ 1943ರ ಒಂದು ತಾರೀಖೂ ಕೊರೆದಿದ್ದವು. ಹುಡುಗನನ್ನು ಕರೆದೊಯ್ದದ್ದು ನಿಜ, ಆಮೇಲೆ ಬಿಟ್ಟುಬಿಟ್ಟೆವು ಎಂದು ಆರೋಪಿಗಳೇ ಲೆಫ್ಲೋರ್ ಶೆರಿಫನೆದುರು ಒಪ್ಪಿಕೊಂಡಿದ್ದರು. ಇಷ್ಟಿದ್ದರೂ ಶವ ಎಮೆಟ್‌ನದೇ ಅಲ್ಲ ಎಂಬುದು ಎದುರುಪಕ್ಷದ ವಾದವಾಗಿತ್ತು.

ಈ ವಿಚಾರಣೆಯನ್ನು ಮೊದಲ ಸಲ ಓದುವಾಗ ಮೋಸಗಾರ ನ್ಯಾಯಾಧೀಶ, ಕೈಚೆಲ್ಲಿದ ಸರ್ಕಾರಿ ವಕೀಲ ಇದ್ದೇ ಇರುತ್ತಾರೆಂದು ನಿರೀಕ್ಷಿಸುತ್ತೇವೆ. ದಾಖಲೆ ಹಾಗೆ ಹೇಳುವುದಿಲ್ಲ. ಸ್ವಾಂಗೊ ಅವರ ನಿಷ್ಪಕ್ಷಪಾತವನ್ನು ಕಪ್ಪು ಪತ್ರಕರ್ತರೂ ಮೆಚ್ಚಿ ಬರೆದಿದ್ದಾರೆ. ಕ್ಯಾರೊಲಿನ್ ಬ್ರ್ಯಾಂಟ್ ಅಂಗಡಿಯ ಘಟನೆಯ ಬಗ್ಗೆ ನೀಡಿದ ಹೇಳಿಕೆ ಕೊಲೆಯ ಆರೋಪಕ್ಕೆ ಸಂಬಂಧಿಸಿದ್ದಲ್ಲವೆಂದು ಅವರು ಜ್ಯೂರಿಯನ್ನು ಹೊರಗೆ ಕಳುಹಿಸಿಯೇ ಅದನ್ನು ಕೇಳಿದರು. ಚಾಟಮ್ ತಮ್ಮ ಕೊನೆಯ ವಾದವನ್ನು ಮನಸ್ಸಿಟ್ಟು ಮಾಡಿದರು. ಸಾಕ್ಷಿಗಳ ಪ್ರಮಾಣವಚನ, ಪಾಟಿಸವಾಲು, ಆಕ್ಷೇಪಣೆ, ಆಕ್ಷೇಪಣೆಯ ಮೇಲಿನ ಆದೇಶ ಎಲ್ಲವೂ ಕ್ರಮಬದ್ಧ. ಹಾಗಾದರೆ ಎಲ್ಲಿ ಕೆಟ್ಟಿತು?

ಕೆಟ್ಟದ್ದು ಆ ಕೋಣೆಯಲ್ಲಲ್ಲ, ಆ ಕೋಣೆಗೆ ಯಾರು ಬರಬಹುದೆಂದು ನಿರ್ಧರಿಸುವ ಪುಸ್ತಕದಲ್ಲಿ. ಜ್ಯೂರಿಯೆಂದರೆ ಊರಿನ ಜನರಿಂದಲೇ ಆರಿಸಿದ ಹನ್ನೆರಡು ಮಂದಿ. ಅಪರಾಧಿ ಹೌದೋ ಅಲ್ಲವೋ ಎಂದು ಹೇಳುವವರು ಅವರು, ನ್ಯಾಯಾಧೀಶರಲ್ಲ. (ಭಾರತದಲ್ಲೂ ಈ ಪದ್ಧತಿ ಇತ್ತು, 1973ರ ದಂಡ ಪ್ರಕ್ರಿಯಾ ಸಂಹಿತೆಯ ಹೊತ್ತಿಗೆ ಅದು ಪೂರ್ತಿ ಹೋಯಿತು.) ಮಿಸಿಸಿಪ್ಪಿಯಲ್ಲಿ ಜ್ಯೂರಿಗೆ ಕೂರಲು ಮತದಾರನ ಅರ್ಹತೆ ಬೇಕಿತ್ತು. 1890ರ ರಾಜ್ಯ ಸಂವಿಧಾನ ಮತದಾರನಾಗಲು ತಲೆಗಂದಾಯ ಕಟ್ಟಬೇಕೆಂದಿತು, ಸಂವಿಧಾನದ ಯಾವುದಾದರೂ ಒಂದು ವಿಧಿಯನ್ನು ಓದಿ ಇಲ್ಲವೇ ಕೇಳಿ ಅರ್ಥ ಹೇಳಬೇಕೆಂದಿತು. ಅರ್ಥ ಸರಿಯಾಯಿತೋ ಇಲ್ಲವೋ ಎಂದು ತೀರ್ಮಾನಿಸುವವನು ನೋಂದಣಿಯ ಗುಮಾಸ್ತ. ತಲೆಗಂದಾಯ ಕಟ್ಟಿಸಿಕೊಳ್ಳಬೇಕಾದವನು ಶೆರಿಫ್. ಟ್ಯಾಲಹ್ಯಾಚಿ ಕೌಂಟಿಯ ಜನರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕಪ್ಪು ಜನ. 1955ರಲ್ಲಿ ಮತದಾರರ ರಿಜಿಸ್ಟರಿನಲ್ಲಿ ಅವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಮಹಿಳೆಯರಿಗಂತೂ ಆ ರಾಜ್ಯದಲ್ಲಿ 1968ರವರೆಗೆ ಜ್ಯೂರಿಯಲ್ಲಿ ಕೂರಲು ಅವಕಾಶವೇ ಇರಲಿಲ್ಲ. ಆದ್ದರಿಂದ ಮೇಲಿನ ಅಂತಸ್ತಿನಲ್ಲಿ ಹನ್ನೆರಡು ಕುರ್ಚಿಗಳನ್ನು ತುಂಬುವ ಹೊತ್ತಿಗೆ, ಬಿಳಿಯ ಗಂಡಸರನ್ನು ಬಿಟ್ಟರೆ ಬೇರೆ ಯಾರ ಹೆಸರೂ ಪಟ್ಟಿಯಿಂದ ಬರುವಂತಿರಲಿಲ್ಲ. ಕೆಳಗಿನ ಕಚೇರಿಯ ಮೇಜಿನ ಮೇಲೆ, ದಶಕಗಳ ಕಾಲ, ದಿನಕ್ಕೊಂದು ನಿರಾಕರಣೆಯಂತೆ ಬರೆದಿಟ್ಟ ತೀರ್ಪನ್ನು ಮೇಲೆ ಓದಿದರಷ್ಟೇ.

ಈ ವಿಷಯ ನನ್ನನ್ನು ಇಷ್ಟು ಹಿಡಿದುಕೊಳ್ಳಲು ಕಾರಣ ಸರಳ. ಅಮೆರಿಕದ ಪೌರತ್ವ ಸಿಕ್ಕ ಮೇಲೆ ನಾನಿರುವ ಕೌಂಟಿಯಿಂದ ನನಗೂ ಜ್ಯೂರಿ ಸಮನ್ಸು ಬಂತು. ಹೊರಡುವಾಗ ಗೊಣಗಿಕೊಂಡೇ ಹೊರಟೆ. ರಜೆ ಹಾಳು, ಪಾರ್ಕಿಂಗಿಗೆ ದುಡ್ಡು ಬೇರೆ. ದೊಡ್ಡದೊಂದು ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬಸ್ ಡ್ರೈವರ್, ನರ್ಸ್, ಕಾಲೇಜು ಹುಡುಗಿ, ನಿವೃತ್ತ ಮೇಷ್ಟ್ರು, ಎಲ್ಲರೂ ಎದೆಯ ಮೇಲೆ ಒಂದೊಂದು ನಂಬರು ಅಂಟಿಸಿಕೊಂಡು ಕುಳಿತಿದ್ದೆವು. ಸಂಜೆ ನನ್ನನ್ನು ಆರಿಸದೆ ಮನೆಗೆ ಕಳುಹಿಸಿದರು. ಆಗ ಅದು ಒಂದು ಕಿರಿಕಿರಿ ಅಷ್ಟೇ. ಸಮ್ನರಿನ ಕಥೆ ಓದಿದ ಮೇಲೆ ಆ ಪ್ಲಾಸ್ಟಿಕ್ ಕುರ್ಚಿಯ ಬೆಲೆ ಬೇರೆಯಾಗಿ ಕಂಡಿತು. ಕಪ್ಪು ಜನರ ಮತದಾನದ ಹಕ್ಕಿನ ಕಾನೂನಿಗೆ 1965ರ ಆಗಸ್ಟಿನಲ್ಲಿ ಸಹಿ ಬಿತ್ತು. ಏಷ್ಯಾದವರಿಗೆ ಬಾಗಿಲು ತೆರೆದ ವಲಸೆ ಕಾನೂನಿಗೆ ಅದೇ ವರ್ಷ ಅಕ್ಟೋಬರಿನಲ್ಲಿ. ಒಂದೇ ಹೋರಾಟದ ಬಿಸಿಯಲ್ಲಿ, ಒಂದೇ ಸಂಸತ್ತಿನಲ್ಲಿ ಅಂಗೀಕಾರವಾದವು ಅವೆರಡೂ. ಕನ್ನಡ ಸಂಘದ ಯುಗಾದಿ ಊಟದಲ್ಲಿ ನಾವು ನಮ್ಮ ಓದು, ನಮ್ಮ ದುಡಿಮೆ, ನಮ್ಮ ವೀಸಾ ಕಷ್ಟಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ನಮಗೆ ಈ ದೇಶದ ದಾರಿ ಬಿಡಿಸಿಕೊಟ್ಟವರಲ್ಲಿ ಮೋಸ್ ರೈಟರಂಥವರೂ ಇದ್ದಾರೆಂದು ಆ ಊಟದಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಶುಕ್ರವಾರ, ಸೆಪ್ಟೆಂಬರ್ 23ರಂದು ಜ್ಯೂರಿ ಒಳಗೆ ಹೋಗಿ 67 ನಿಮಿಷಕ್ಕೆ ಹೊರಬಂತು. ಇಬ್ಬರೂ ಖುಲಾಸೆ. ಸೋಡಾ ಕುಡಿಯಲು ನಿಲ್ಲದಿದ್ದರೆ ಅಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ ಎಂದು ಜ್ಯೂರಿಯಲ್ಲೊಬ್ಬ ಆಮೇಲೆ ಪತ್ರಕರ್ತರಿಗೆ ಹೇಳಿದ. ಆರೋಪಿಗಳು ಹೆಂಡತಿಯರನ್ನು ತಬ್ಬಿಕೊಂಡು ಸಿಗಾರು ಹಚ್ಚಿದ ಚಿತ್ರಗಳಿವೆ. ನವೆಂಬರಿನಲ್ಲಿ ಲೆಫ್ಲೋರ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ (ವಿಚಾರಣೆಗೂ ಮೊದಲು, ಆರೋಪ ಹೊರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಅಪಹರಣದ ಆರೋಪವನ್ನೂ ಹೊರಿಸಲು ಒಪ್ಪಲಿಲ್ಲ. 1956ರ ಜನವರಿಯಲ್ಲಿ 'ಲುಕ್' ಪತ್ರಿಕೆಯಲ್ಲಿ, ಹಣ ಪಡೆದು, ಕೊಂದವರು ತಾವೇ ಎಂದು ಇಬ್ಬರೂ ಒಪ್ಪಿಕೊಂಡರು. ಒಮ್ಮೆ ಖುಲಾಸೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಿಸುವಂತಿಲ್ಲವಾದ್ದರಿಂದ ಅವರಿಗೆ ಯಾವ ಭಯವೂ ಇರಲಿಲ್ಲ. ಮೈಲಮ್ 1980ರಲ್ಲಿ, ಬ್ರ್ಯಾಂಟ್ 1994ರಲ್ಲಿ ಸತ್ತರು.

ಮುಂದಿನ ಐವತ್ತು ವರ್ಷ ಸಮ್ನರ್ ಬಾಯಿಬಿಡಲಿಲ್ಲ. ವಿಚಾರಣೆಯ ನಡಾವಳಿಯ ಪ್ರತಿಯೇ ಕಾಣೆಯಾಗಿತ್ತು. 2004ರಲ್ಲಿ ಪ್ರಕರಣವನ್ನು ಮತ್ತೆ ತೆರೆದಾಗ ಎಫ್‌ಬಿಐ ಒಂದು ಪ್ರತಿಯನ್ನು ಹುಡುಕಿ ತೆಗೆಯಬೇಕಾಯಿತು. ಕೋರ್ಟ್ ಕೋಣೆ ಕಾಲಕ್ಕೆ ತಕ್ಕಂತೆ ರೂಪ ಬದಲಿಸಿಕೊಂಡಿತು, ಹಳೆಯ ಗೋಡೆಗಳು ಹೊಸ ಹೊದಿಕೆಯ ಹಿಂದೆ ಸರಿದವು. 1981ರಲ್ಲಿ ರಾಜ್ಯದ ಶಾಸನಸಭೆ ಹೆದ್ದಾರಿಯೊಂದರ ಒಂದು ಭಾಗಕ್ಕೆ ಸ್ಟ್ರೈಡರ್ ಹೆಸರನ್ನಿಟ್ಟಿತು. ಎಮೆಟ್ ಟಿಲ್ ಹೆಸರಿನ ಹೆದ್ದಾರಿಗೆ ಮುಂದಿನ ಶತಮಾನ ಬರಬೇಕಾಯಿತು.

ಬದಲಾವಣೆ ಬಂದದ್ದು ಅದೇ ರಿಜಿಸ್ಟರಿನ ಮೂಲಕ. ಕಪ್ಪು ಜನ ಮತದಾರರಾದರು, ಕ್ಷೇತ್ರಗಳ ಗಡಿಗಾಗಿ ಕೋರ್ಟಿಗೆ ಹೋದರು, ಕೌಂಟಿಯ ಆಡಳಿತ ಮಂಡಳಿಗೆ ಆಯ್ಕೆಯಾದರು. ಆ ಮಂಡಳಿಯ ಮೊದಲ ಕಪ್ಪು ಅಧ್ಯಕ್ಷರಾದ ಜೆರೋಮ್ ಲಿಟ್ಲ್ 2006ರಲ್ಲಿ ಎಮೆಟ್ ಟಿಲ್ ಸ್ಮಾರಕ ಆಯೋಗವನ್ನು ಕಟ್ಟಿದರು. ಅದರಲ್ಲಿ ಬಿಳಿಯರೂ ಕಪ್ಪು ಜನರೂ ಸಮಪಾಲು. ಹುಡುಗಿಯಾಗಿದ್ದಾಗಲೇ ಜಮೀನ್ದಾರಿ ಮನೆತನದ ವಿರುದ್ಧ ಯೋಚಿಸಲು ಕಲಿತಿದ್ದ, 1955ರ ವಿಚಾರಣೆಯನ್ನು ಸ್ವತಃ ಕುಳಿತು ನೋಡಿದ್ದ ಬೆಟ್ಟಿ ಪಿಯರ್ಸನ್ ಅವರೂ ಅದರ ಮುಂಚೂಣಿಯಲ್ಲಿದ್ದರು. 2007ರ ಅಕ್ಟೋಬರ್ 2ರಂದು ಕೋರ್ಟ್‌ಹೌಸಿನ ಮುಂದೆ, ಟಿಲ್ ಕುಟುಂಬದವರ ಎದುರಿನಲ್ಲಿ, ಕೌಂಟಿಯ ನಾಗರಿಕರ ಪರವಾಗಿ ಕ್ಷಮಾಪಣೆಯ ಪತ್ರ ಓದಲಾಯಿತು. ಜನಾಂಗಗಳ ನಡುವಿನ ಸಾಮರಸ್ಯ ನಿಜ ಹೇಳುವುದರಿಂದ ಆರಂಭವಾಗುತ್ತದೆ ಎಂಬುದು ಅದರ ಮೊದಲ ವಾಕ್ಯದ ಭಾವ.

ಇಲ್ಲೊಂದು ಲೌಕಿಕ ಮಾತನ್ನೂ ಹೇಳಿಬಿಡಬೇಕು. ಆ ಹೊತ್ತಿಗೆ ಕೋರ್ಟ್‌ಹೌಸು ಶಿಥಿಲವಾಗಿತ್ತು. ಹತ್ತಿಯ ಕೆಲಸ ಯಂತ್ರಗಳ ಪಾಲಾಗಿ, ದುಡಿಯುವ ಜನ ಊರು ಬಿಟ್ಟು, ಬಡ ಕೌಂಟಿಯ ಬೊಕ್ಕಸದಲ್ಲಿ ಅಂಥ ಕಟ್ಟಡವನ್ನು ದುರಸ್ತಿ ಮಾಡುವಷ್ಟು ಹಣವಿರಲಿಲ್ಲ. ಎಮೆಟ್ ಟಿಲ್ ವಿಚಾರಣೆ ನಡೆದ ಸ್ಥಳವೆಂದು ತೋರಿಸಿದಾಗ ಮಾತ್ರ ಹೊರಗಿನಿಂದ ಹಣ ಬಂತು. ಅಂದರೆ ಆ ಕಟ್ಟಡಕ್ಕೆ ಸೂರು ಉಳಿಸಿಕೊಟ್ಟದ್ದು ಅದು ನ್ಯಾಯ ಕೊಡದೆ ಕಳುಹಿಸಿದ ಹುಡುಗ. ಇದನ್ನು ಕಪಟವೆಂದು ಕೆಲವರು ಬರೆಯುತ್ತಾರೆ; ನಾನು ಹಾಗೆನ್ನಲಾರೆ. ಊರಿಗೆ ಸೂರೂ ಬೇಕಿತ್ತು, ಕ್ಷಮೆಯೂ ಬೇಕಿತ್ತು. ಎರಡನ್ನೂ ಒಟ್ಟಿಗೆ ಕೇಳಿದ್ದರಲ್ಲಿ ಲಿಟ್ಲ್ ಅವರ ರಾಜಕೀಯ ಜಾಣತನ ಕಾಣುತ್ತದೆ. ಕೆಲಸ ಮುಗಿಯುವುದನ್ನು ಅವರು ನೋಡಲಿಲ್ಲ, 2011ರಲ್ಲಿ ತೀರಿಕೊಂಡರು. 1955ರ ರೂಪಕ್ಕೆ ಮರಳಿಸಿದ ಕೋರ್ಟ್ ಕೋಣೆ 2015ರಲ್ಲಿ ಮತ್ತೆ ತೆರೆಯಿತು.

ನಾನು ಮೆಂಫಿಸ್ ಕಡೆಯಿಂದ ಹೋದೆ. ಎರಡು ಗಂಟೆಯೊಳಗಿನ ಹಾದಿ. ಕೋರ್ಟ್‌ಹೌಸಿನ ಎದುರುಬದಿಯ ಅಂಗಡಿಸಾಲಿನಲ್ಲಿ ಎಮೆಟ್ ಟಿಲ್ ಮಾಹಿತಿ ಕೇಂದ್ರವಿದೆ, ಅಲ್ಲಿನವರೇ ಮೇಲಕ್ಕೆ ಕರೆದೊಯ್ಯುತ್ತಾರೆ. ಕೋಣೆ ನಾನು ಚಿತ್ರಗಳಲ್ಲಿ ನೋಡಿ ಎಣಿಸಿದ್ದಕ್ಕಿಂತ ಚಿಕ್ಕದು. ಜ್ಯೂರಿಯ ಕುರ್ಚಿಗಳಿಗೂ ಸಾಕ್ಷಿಯ ಕುರ್ಚಿಗೂ ನಡುವಿನ ದೂರ, ಮಾತಾಡುವವರ ಹಣೆಯ ಬೆವರು ಕಾಣುವಷ್ಟು ಮಾತ್ರ. ಕೇಳಿಸಲಿಲ್ಲ, ಕಾಣಿಸಲಿಲ್ಲ ಎಂದು ಆ ಹನ್ನೆರಡು ಮಂದಿ ಹೇಳುವಂತಿರಲಿಲ್ಲ. ಬಂದವರನ್ನು ಕೂರಿಸಿ ಕ್ಷಮಾಪಣೆಯ ಪತ್ರವನ್ನು ಒಬ್ಬೊಬ್ಬರಿಂದ ಒಂದೊಂದು ಭಾಗ ಓದಿಸುವ ಪದ್ಧತಿ ಅಲ್ಲಿದೆ. ಇಂಥ ಸಾಮೂಹಿಕ ಓದು ನಾಟಕವಾಗಿಬಿಡುತ್ತದೆಂಬ ಅನುಮಾನ ನನಗಿತ್ತು, ಓದುವಾಗ ಹಾಗನ್ನಿಸಲಿಲ್ಲ. ನನ್ನ ಪಾಲಿಗೆ ಬಂದ ವಾಕ್ಯದಲ್ಲಿ 'ನಾವು, ಟ್ಯಾಲಹ್ಯಾಚಿ ಕೌಂಟಿಯ ನಾಗರಿಕರು' ಎಂದಿತ್ತು. ಹಾಸನ ಜಿಲ್ಲೆಯವನೊಬ್ಬನ ಬಾಯಲ್ಲಿ ಅದು ಹೇಗೆ ಕೇಳಿಸಿತೋ ಉಳಿದವರನ್ನು ಕೇಳಲಿಲ್ಲ.

ಹೊರಗೆ ಹುಲ್ಲಿನ ಮೇಲೆ, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಒಕ್ಕೂಟಕ್ಕಾಗಿ ಹೋರಾಡಿ ಸತ್ತ ಸೈನಿಕರ ನೆನಪಿಗೆ 1913ರಲ್ಲಿ ನಿಲ್ಲಿಸಿದ ಪ್ರತಿಮೆಯಿದೆ. ಗುಲಾಮಗಿರಿ ಉಳಿಸಲು ಹೊರಟ ಸೈನ್ಯದ ಸ್ಮಾರಕವದು. ಅದೇ ಹುಲ್ಲಿನ ಮೇಲೆ ವಿಚಾರಣೆಯ ಕಥೆ ಹೇಳುವ ಫಲಕವೂ ಇದೆ. ಪ್ರತಿಮೆಗೆ ಯಾರೂ ಗುಂಡು ಹೊಡೆದಿಲ್ಲ. ಶವ ಸಿಕ್ಕ ನದಿಯ ಕಡೆ, ಗ್ರ್ಯಾಬಾಲ್ ಲ್ಯಾಂಡಿಂಗ್ ಎಂಬಲ್ಲಿ 2008ರಲ್ಲಿ ನೆಟ್ಟ ಫಲಕದ ಕಥೆ ಬೇರೆ: ಮೊದಲನೆಯದನ್ನು ಕಿತ್ತೊಯ್ದರು, ಆಮೇಲಿನವಕ್ಕೆ ಗುಂಡು ಹೊಡೆದು ತೂತು ಮಾಡಿದರು, 2019ರಲ್ಲಿ ಗುಂಡು ತೂರದಂಥ ಉಕ್ಕಿನ ಫಲಕವನ್ನೇ ನಿಲ್ಲಿಸಬೇಕಾಯಿತು.

ಪ್ರಕರಣದ ಕಾಗದಗಳೂ ಇತ್ತೀಚಿನವರೆಗೆ ಮುಗಿದಿರಲಿಲ್ಲ. 2022ರ ಜೂನಿನಲ್ಲಿ ಗ್ರೀನ್‌ವುಡ್ ಊರಿನ ಲೆಫ್ಲೋರ್ ಕೌಂಟಿ ಕೋರ್ಟ್‌ಹೌಸಿನ ನೆಲಮಾಳಿಗೆಯ ಕಡತಗಳ ನಡುವೆ, 1955ರಲ್ಲಿ ಕ್ಯಾರೊಲಿನ್ ಬ್ರ್ಯಾಂಟ್ ಹೆಸರಿಗೂ ಹೊರಡಿಸಿ ಜಾರಿ ಮಾಡದೇ ಬಿಟ್ಟಿದ್ದ ಬಂಧನ ವಾರಂಟ್ ಸಿಕ್ಕಿತು. ಆ ಬೇಸಿಗೆಯಲ್ಲೇ ಗ್ರ್ಯಾಂಡ್ ಜ್ಯೂರಿಯ ಮುಂದೆ ಸಾಕ್ಷ್ಯ ಇಟ್ಟರು. ಆರೋಪ ಹೊರಿಸುವಷ್ಟು ಪುರಾವೆಯಿಲ್ಲವೆಂದು ಅದು ಹೇಳಿತು. ಮರುವರ್ಷ ಏಪ್ರಿಲಿನಲ್ಲಿ ಆಕೆ ತೀರಿಕೊಂಡರು. ಅದೇ ವರ್ಷ, 2023ರ ಜುಲೈ 25ರಂದು, ಎಮೆಟ್ ಬದುಕಿದ್ದರೆ 82 ತುಂಬುತ್ತಿದ್ದ ದಿನ, ಸಮ್ನರಿನ ಕೋರ್ಟ್‌ಹೌಸು, ಗ್ರ್ಯಾಬಾಲ್ ಲ್ಯಾಂಡಿಂಗ್ ಮತ್ತು ಅಂತ್ಯಕ್ರಿಯೆಯ ಪ್ರಾರ್ಥನೆ ನಡೆದ ಶಿಕಾಗೋದ ಚರ್ಚು, ಮೂರನ್ನೂ ಸೇರಿಸಿ ಎಮೆಟ್ ಮತ್ತು ಅವನ ತಾಯಿಯ ಹೆಸರಿನ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.

ಹೋಗಬೇಕೆನ್ನುವವರಿಗೆ ಒಂದು ಸೂಚನೆ. ರಾಷ್ಟ್ರೀಯ ಸ್ಮಾರಕವಾದರೂ ಅದು ಇನ್ನೂ ಕೆಲಸ ಮಾಡುತ್ತಿರುವ ಕೋರ್ಟು. ಕೌಂಟಿಯ ಕಚೇರಿಗಳೂ ಅಲ್ಲೇ ಇವೆ. ಆದ್ದರಿಂದ ಮೊದಲೇ ಫೋನ್ ಮಾಡಿ, ಎದುರಿನ ಮಾಹಿತಿ ಕೇಂದ್ರದಲ್ಲಿ ದಿನ ಗೊತ್ತು ಮಾಡಿಕೊಂಡು ಹೊರಡುವುದು ಒಳ್ಳೆಯದು. ಕಲಾಪವಿರುವ ದಿನ ಆ ಹನ್ನೆರಡು ಕುರ್ಚಿಗಳು ಪ್ರವಾಸಿಗರಿಗಲ್ಲ. ಸಮನ್ಸು ಬಂದ ಕೌಂಟಿಯ ಜನರಿಗೆ, ಗಂಡಸರಿಗೂ ಹೆಂಗಸರಿಗೂ, ಕಪ್ಪು ಜನರಿಗೂ ಬಿಳಿಯರಿಗೂ ಬೇಕಾಗುತ್ತವೆ.